ಊಟದ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದಾರೆ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಈಟಿಂಗ್ ಡಿಸಾರ್ಡರ್ ಆರೈಕೆಯ ವಿಮರ್ಶೆ

ಮುಂಜಾನೆ ಬಂದು ಸಂಜೆ ಮನೆಗೆ ಹೋಗುವ ಚಿಕಿತ್ಸೆಗೆ ಡೇ ಕೇರ್ ಎನ್ನುತ್ತಾರೆ. ಈಟಿಂಗ್ ಡಿಸಾರ್ಡರ್, ಅಂದರೆ ತಿನ್ನುವ ರೀತಿಯೇ ಹದಗೆಡುವ ಮಾನಸಿಕ ಕಾಯಿಲೆ, ಇದ್ದವರಿಗೆ ಅದು ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಆರರಿಂದ ಎಂಟು ತಾಸು ನಡೆಯಬೇಕು. ಆ ಅವಧಿಯಲ್ಲಿ ಕನಿಷ್ಠ ಒಂದು ಊಟ, ಒಂದೆರಡು ತಿಂಡಿ ಸಿಬ್ಬಂದಿಯ ಜೊತೆ ಕೂತು ಮುಗಿಯಬೇಕು. ವಾರ್ಡಿಗೆ ಸೇರಿಸುವಷ್ಟು ಅಪಾಯವಿಲ್ಲ, ಆದರೆ ತಿಂಗಳಿಗೊಮ್ಮೆ ಒಪಿಡಿಗೆ ಹೋಗಿ ಬಂದರೆ ಸಾಲದು ಎನ್ನುವವರಿಗೆ ಇರುವ ನಡುವಿನ ದಾರಿ ಇದು. ಈ ಮೂರು ಜಿಲ್ಲೆಗಳ ಕುಟುಂಬಗಳಿಗೆ ಇಂಥ ಆರೈಕೆ ಎಷ್ಟು ಕೈಗೆಟಕುತ್ತದೆ ಎಂದು ಇಲ್ಲಿ ನೋಡಿದ್ದೇವೆ. ತೀರ್ಮಾನ ಮೊದಲೇ ಹೇಳುತ್ತೇವೆ. ವೈದ್ಯಕೀಯ ನಿಗಾ ಸಿಗುತ್ತದೆ, ಔಷಧ ಸಿಗುತ್ತದೆ, ಆಪ್ತಸಮಾಲೋಚನೆಯೂ ಸ್ವಲ್ಪ ಸಿಗುತ್ತದೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವ ಕೆಲಸ ಮಾತ್ರ ಸರ್ಕಾರಿ ವ್ಯವಸ್ಥೆಯಲ್ಲಿ ಯಾರ ಪಾಲಿಗೂ ಬಂದಿಲ್ಲ. ಈ ಕಾಯಿಲೆಯಲ್ಲಿ ಚಿಕಿತ್ಸೆಯ ದೊಡ್ಡ ಪಾಲು ಅದೇ. ಆದ್ದರಿಂದ ಪ್ರತಿ ಸೇವೆಯನ್ನೂ ಆ ಕೊರತೆಯನ್ನು ಅದು ಎಷ್ಟು ತುಂಬುತ್ತದೆ ಎಂಬ ಅಳತೆಯಲ್ಲೇ ನೋಡಿದ್ದೇವೆ.

ಯಾರಿಗೆ ಬೇಕಾಗುತ್ತದೆ

ತೆಳ್ಳಗಿರುವ ಹುಡುಗಿಯರ ಕಾಯಿಲೆ ಎಂಬ ತಿಳಿವಳಿಕೆಯಿಂದ ಬಹಳ ಜನ ಚಿಕಿತ್ಸೆಗೆ ಬರುವುದೇ ತಡವಾಗುತ್ತದೆ. ಅನೊರೆಕ್ಸಿಯಾದಲ್ಲಿ ತಿನ್ನುವುದು ಕುಗ್ಗುತ್ತಾ ತೂಕ ಇಳಿಯುತ್ತದೆ, ನಿಜ. ಬುಲಿಮಿಯಾದಲ್ಲಿ ಹತೋಟಿ ತಪ್ಪಿ ತಿಂದು, ಆಮೇಲೆ ಅದನ್ನು ಹೊರಹಾಕಲು ಒದ್ದಾಡುತ್ತಾರೆ; ತೂಕ ಎಲ್ಲರಂತೆಯೇ ಇರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗದೆ ಹೋಗಬಹುದು. ಕೆನ್ನೆಯ ಹಿಂದಿನ ಲಾಲಾರಸ ಗ್ರಂಥಿ ಊದಿರುವುದು, ಹಲ್ಲಿನ ಹೊಳಪು ಒಳಬದಿಯಲ್ಲಿ ಸವೆದಿರುವುದು ಮೊದಲ ಸುಳಿವು, ಅದನ್ನು ಮೊದಲು ನೋಡುವವರು ಹೆಚ್ಚಾಗಿ ದಂತವೈದ್ಯರು. ಬಿಂಜ್ ಈಟಿಂಗ್‌ನಲ್ಲಿ ಹತೋಟಿ ತಪ್ಪುತ್ತದೆ, ಹೊರಹಾಕುವುದು ಇರುವುದಿಲ್ಲ. ಆರ್ಫಿಡ್‌ನಲ್ಲಿ ದಪ್ಪಗಾಗುವ ಭಯವೇ ಇಲ್ಲ. ವಾಸನೆ, ಬಾಯಿಗೆ ತಾಕುವ ಮೆದು-ಗಟ್ಟಿ, ಗಂಟಲಲ್ಲಿ ಸಿಕ್ಕೀತೆಂಬ ಅಂಜಿಕೆಯಿಂದ ತಿನ್ನುವ ಪದಾರ್ಥ ಮೂರೋ ನಾಲ್ಕೋ ಉಳಿದಿರುತ್ತವೆ. ಗಂಡು ಹುಡುಗರಿಗೂ ಬರುತ್ತದೆ. ಜಿಮ್ಮಿನ ಹೆಸರಲ್ಲಿ ಅದು ಮುಚ್ಚಿಹೋಗುತ್ತದೆ.

ನಮ್ಮ ಕಡೆ ಈ ಕಾಯಿಲೆ ಬೇರೆ ಬಾಗಿಲಿನಿಂದ ಬರುತ್ತದೆ. "ಹೊಟ್ಟಿ ಭಾರ ಆಗ್ತೈತ್ರಿ", "ತಿಂದದ್ದು ಕರಗಂಗಿಲ್ಲ", "ರಕ್ತ ಕಡಿಮಿ ಐತಂತ", "ಮುಟ್ಟು ನಿಂತೈತಿ" ಎಂದು ಹೊಟ್ಟೆಯ ಡಾಕ್ಟರು, ಹೆರಿಗೆ ಡಾಕ್ಟರು ಸುತ್ತಿ, ದೃಷ್ಟಿ ತೆಗೆಸಿ, ಕಡೆಗೆ ಮನೋವೈದ್ಯರ ಹತ್ತಿರ ಬರುತ್ತಾರೆ. ದಪ್ಪಗಾಗುವ ಭಯ ಹೇಳಿಕೊಳ್ಳದ ಅನೊರೆಕ್ಸಿಯಾ ಭಾರತದಲ್ಲಿ ಹೊಸದೇನಲ್ಲ, ವೈದ್ಯಕೀಯ ದಾಖಲೆಗಳಲ್ಲಿ ಇದೆ. ಹೊಟ್ಟೆ ಭಾರ ಎನ್ನುವುದೂ ನೆಪವಲ್ಲ. ತಿಂಗಳುಗಟ್ಟಲೆ ಕಡಿಮೆ ತಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ನಾಲ್ಕು ತುತ್ತಿಗೇ ತುಂಬಿದಂತಾಗುತ್ತದೆ. ಅದಕ್ಕೆ ಔಷಧ ಮತ್ತೆ ಕ್ರಮವಾಗಿ ತಿನ್ನುವುದೇ. ಪೌಷ್ಟಿಕತೆಯ ಕೊರತೆ ಇಷ್ಟೊಂದು ಇರುವ ಜಿಲ್ಲೆಗಳಲ್ಲಿ ಸೊರಗಿದ ಹುಡುಗಿಯನ್ನು ಕಂಡ ಕೂಡಲೇ ಕಬ್ಬಿಣದ ಮಾತ್ರೆ ಬರೆದು ಕಳಿಸುವುದು ಸುಲಭ. ಮನೆಯಲ್ಲಿ ಊಟ ಇದ್ದೂ ಆಕೆ ಯಾಕೆ ತಿನ್ನುತ್ತಿಲ್ಲ ಎಂಬ ಪ್ರಶ್ನೆ ಅಲ್ಲಿಗೆ ನಿಂತುಹೋಗುತ್ತದೆ.

ಒಳ್ಳೆಯ ಡೇ ಕೇರ್‌ನ ಒಂದು ದಿನ

ಯಾವ ಕೇಂದ್ರವನ್ನು ನೋಡಲು ಹೋದರೂ, ಅದು ಬಳ್ಳಾರಿಯಲ್ಲಿರಲಿ ಬೆಂಗಳೂರಿನಲ್ಲಿರಲಿ, ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿ. ಉತ್ತರ "ಡಬ್ಬಿ ತಂದಿರ್ತಾರ, ಉಂಡು ಬರ್ತಾರ" ಎಂದಾದರೆ ಅದು ಆಪ್ತಸಮಾಲೋಚನೆಯ ಕೇಂದ್ರ ಇರಬಹುದು, ಈ ಕಾಯಿಲೆಯ ಡೇ ಕೇರ್ ಆಗಲಾರದು.

ಸರಿಯಾದ ಕ್ರಮ ಹೀಗೆ. ಬಂದ ತಕ್ಷಣ ನಾಡಿ ಮತ್ತು ಬಿಪಿ ನೋಡುತ್ತಾರೆ; ಬಿಪಿ ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ. ತೂಕ ವಾರಕ್ಕೆ ಒಂದೇ ಸಲ, ಸಾಮಾನ್ಯವಾಗಿ ಪ್ರತಿ ವಾರ ಅದೇ ದಿನ, ಒಂದೇ ಯಂತ್ರದಲ್ಲಿ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಪ್ಪಲಿ ಬಿಟ್ಟು, ತೆಳುವಾದ ಬಟ್ಟೆಯಲ್ಲಿ. ದಿನಾ ತೂಗಿದರೆ ನೀರಿನ ಏರಿಳಿತವೇ ಕಾಣುತ್ತದೆ, ಅರ್ಧ ಕಿಲೋ ಹೆಚ್ಚಾಯಿತೆಂದು ರೋಗಿ ಆ ದಿನದ ಊಟ ಬಿಡುತ್ತಾಳೆ. ತೂಕದ ಯಂತ್ರ ಕಾರಿಡಾರಿನಲ್ಲಿ ಇರಬಾರದು, ಸಂಖ್ಯೆಯನ್ನು ಜೋರಾಗಿ ಕೂಗಬಾರದು.

ಊಟಕ್ಕೆ ಮೂವತ್ತರಿಂದ ನಲವತ್ತೈದು ನಿಮಿಷ, ತಿಂಡಿಗೆ ಹದಿನೈದರಿಂದ ಇಪ್ಪತ್ತು. ಜೊತೆಗೆ ಕೂರುವವರು ತಾವೂ ಅದೇ ಊಟ ಉಣ್ಣುತ್ತಾರೆ. ನೋಡುತ್ತಾ ಕೂರುವುದಕ್ಕೂ ಜೊತೆಗೆ ಉಣ್ಣುವುದಕ್ಕೂ ಬಹಳ ಅಂತರವಿದೆ. ತಟ್ಟೆಯ ಮೇಲಿನ ಪದಾರ್ಥದ ಚರ್ಚೆ ಆ ಹೊತ್ತಿಗೆ ಇಲ್ಲ. ಕ್ರಿಕೆಟ್, ಧಾರಾವಾಹಿ, ಊರ ಜಾತ್ರೆ ಏನಾದರೂ ಮಾತಾಡಬಹುದು. ರೊಟ್ಟಿಯನ್ನು ಕಾಳಿನಷ್ಟು ಸಣ್ಣಗೆ ಹರಿಯುವುದು, ಎಣ್ಣೆಯನ್ನು ತಟ್ಟೆಯ ಅಂಚಿಗೆ ಒತ್ತಿ ತೆಗೆಯುವುದು ಕಂಡರೆ ಮೆಲ್ಲಗೆ, ಒಂದೇ ಸಲ, ಒಂದೇ ಸಾಲಿನಲ್ಲಿ ಹೇಳಬೇಕು. "ಎಷ್ಟ್ ಒಣಗೀಯಲ್ಲ" ಎಂದಾಗಲಿ "ಈಗ ಚಲೋ ಕಾಣ್ತಿ, ಸ್ವಲ್ಪ ಮೈ ಬಂದೈತಿ" ಎಂದಾಗಲಿ ಯಾರೂ ಅನ್ನಬಾರದು. ಎರಡನೆಯದನ್ನು ಪ್ರೀತಿಯಿಂದಲೇ ಅನ್ನುತ್ತಾರೆ. ಕೇಳಿಸಿಕೊಂಡವಳು ಆ ರಾತ್ರಿ ಉಣ್ಣುವುದಿಲ್ಲ.

ಉಣ್ಣದೆ ಉಳಿದರೆ ಬೈಗುಳವಿಲ್ಲ, ಬದಲಿ ಇದೆ: ಉಳಿದ ಅರ್ಧ ಊಟಕ್ಕೆ ಸಮನಾದ ಹಾಲೋ ಪೌಷ್ಟಿಕ ಪೇಯವೋ. ಎಷ್ಟು ಬಿಟ್ಟರೆ ಎಷ್ಟು ಮಿಲಿ ಎಂಬುದು ಮೊದಲೇ ಬರೆದಿರಬೇಕು. ಊಟದ ಹೊತ್ತಿಗೆ ಚೌಕಾಸಿ ಶುರುವಾದರೆ ಕಾಯಿಲೆಯೇ ಗೆಲ್ಲುತ್ತದೆ.

ಊಟ ಮುಗಿದ ಮೇಲಿನ ಒಂದು ತಾಸು ಊಟದಷ್ಟೇ ಮುಖ್ಯ. ಎದೆಯಲ್ಲಿ ತಳಮಳ, ಪಾಪ ಮಾಡಿದಂಥ ಭಾವ, ಓಡಾಡಿ ಕರಗಿಸಬೇಕೆಂಬ ತುಡಿತ ಏರುವುದು ಆಗಲೇ. ಆ ತಾಸು ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿರಬೇಕು. ಬಚ್ಚಲಿಗೆ ಹೋಗುವುದಿದ್ದರೆ ಊಟಕ್ಕೆ ಮೊದಲೇ ಹೋಗಿ ಬಂದಿರಬೇಕು. ಕಸೂತಿ, ಕೇರಂ, ಹಾಡು, ಚಿತ್ರ, ಏನಾದರೂ ಕೈಗೆ ಕೆಲಸ ಇರಲಿ. ಸಮಯ ಸರಿದಂತೆ ತಳಮಳ ತಾನಾಗಿ ಇಳಿಯುತ್ತದೆ. ಅದು ಇಳಿಯುತ್ತದೆ ಎಂದು ಮೈಗೆ ಗೊತ್ತಾಗಲು ವಾರಗಳು ಬೇಕು, ಮಾತಿನಲ್ಲಿ ಹೇಳಿದರೆ ಸಾಲದು.

ಮೊದಲು ಮನಸ್ಸು ಸರಿಮಾಡಿ, ಆಮೇಲೆ ಊಟ ತಾನೇ ಸರಿಹೋಗುತ್ತದೆ ಎಂದು ಅನೇಕ ಕುಟುಂಬಗಳು ಕೇಳುತ್ತವೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತ 36 ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ನೋಡಿದರು. ಮೊದಲು ಯಾವ ಮಾನಸಿಕ ತೊಂದರೆಯೂ ಇಲ್ಲದವರು ದಿನವಿಡೀ ಊಟದ ಬಗ್ಗೆಯೇ ಯೋಚಿಸತೊಡಗಿದರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತರು, ಖಿನ್ನರಾದರು, ಜನರಿಂದ ದೂರವಾದರು. ಹಸಿದ ಮಿದುಳೇ ಹಾಗೆ ಮಾಡುತ್ತದೆ. ಆದ್ದರಿಂದ ಊಟ ಮೊದಲು. ಮಾತಿನ ಚಿಕಿತ್ಸೆ ಜೊತೆಜೊತೆಗೆ ಬರುತ್ತದೆ, ತೂಕ ಸ್ವಲ್ಪ ಏರಿದ ಮೇಲೆ ನಾಟುತ್ತದೆ.

ನಮ್ಮ ತಟ್ಟೆಯಲ್ಲಿ ಏನಿರಬೇಕು

ಇಲ್ಲಿಯ ಊಟದ ಲೆಕ್ಕ ಬೇರೆಯೇ ಇದೆ, ಅದನ್ನು ಬಲ್ಲ ಆಹಾರ ತಜ್ಞರು ಬೇಕು. ಜೋಳದ ರೊಟ್ಟಿ ಒಳ್ಳೆಯ ಊಟ, ಸಂದೇಹವಿಲ್ಲ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಶಕ್ತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ತೂಕ ಏರಿಸಬೇಕಾದ ಮೊದಲ ವಾರಗಳಲ್ಲಿ ರೊಟ್ಟಿ, ಪುಂಡಿಪಲ್ಯ, ಹಸಿ ಸೊಪ್ಪು, ಕಾಳುಪಲ್ಯ ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನಿಧಾನವಾದ ಹೊಟ್ಟೆ ಬೇಗ ತುಂಬುತ್ತದೆ, ಉಬ್ಬರಿಸುತ್ತದೆ, ಮುಂದಿನ ಊಟಕ್ಕೆ ಹೆದರಿಕೆ ಹುಟ್ಟುತ್ತದೆ. ಆಗ ರೊಟ್ಟಿ ಒಂದಕ್ಕೆ ಇಳಿಸಿ, ಉಳಿದದ್ದನ್ನು ಗಂಗಾವತಿ ಸೋನಾ ಅನ್ನ, ತುಪ್ಪ, ಬೇಳೆ, ಗಟ್ಟಿ ಮೊಸರಿನಿಂದ ತುಂಬುವುದು ಜಾಣತನ. ಶೇಂಗಾ ಚಟ್ನಿ ಈ ಭಾಗದ ವರ: ಶೇಂಗಾದ ತೂಕದಲ್ಲಿ ಸುಮಾರು ಶೇ. 40 ಕೊಬ್ಬು, ಕಾಲುಭಾಗದಷ್ಟು ಪ್ರೋಟೀನು. ಎರಡು ಚಮಚ ಚಟ್ನಿಪುಡಿಗೆ ಒಂದು ಚಮಚ ಎಣ್ಣೆ ಕಲಸಿದರೆ ತಟ್ಟೆ ದೊಡ್ಡದಾಗದೆ ಶಕ್ತಿ ಹೆಚ್ಚುತ್ತದೆ.

ಮನೆಯಲ್ಲಿದ್ದು ಚಿಕಿತ್ಸೆ ಪಡೆಯುವವರಿಗೆ ವಾರಕ್ಕೆ ಅರ್ಧ ಕಿಲೋ ಏರಿಕೆ ಒಳ್ಳೆಯ ಗುರಿ. ಅದಕ್ಕೆ ದೇಹ ನಡೆಯಲು ಬೇಕಾದದ್ದರ ಮೇಲೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಹೋಗಬೇಕು. ನಮ್ಮ ಅಳತೆಯಲ್ಲಿ ಅದು 200 ಮಿಲಿಯ ಎರಡು ಲೋಟ ಎಮ್ಮೆ ಹಾಲು ಮತ್ತು ಎರಡು ಟೀ ಚಮಚ ತುಪ್ಪ. ಊಟ ಶುರುವಾದ ಮೇಲೆ ದೇಹ ಉರಿಸುವುದೂ ಹೆಚ್ಚುವುದರಿಂದ ಕೆಲವು ವಾರಗಳ ನಂತರ ಇದೇ ಪ್ರಮಾಣಕ್ಕೆ ತೂಕ ನಿಂತುಬಿಡುತ್ತದೆ. ಆಗ ರೋಗಿ ಮೋಸ ಮಾಡುತ್ತಿದ್ದಾಳೆ ಎನ್ನುವ ಮೊದಲು ಪ್ರಮಾಣ ಏರಿಸಬೇಕು. ಈ ಲೆಕ್ಕ ತಜ್ಞರ ಮತ್ತು ತಾಯಿತಂದೆಯ ಬಳಿ ಇರಲಿ. ರೋಗಿಯ ಕೈಗೆ ಹೋಗುವ ಹಾಳೆಯಲ್ಲಿ ಬಟ್ಟಲು, ಚಮಚ, ಲೋಟ ಮಾತ್ರ ಇರಬೇಕು.

ಮೂರು ಊಟ, ಮೂರು ತಿಂಡಿ, ನಡುವೆ ಮೂರು ತಾಸಿಗಿಂತ ಹೆಚ್ಚು ಅಂತರವಿಲ್ಲ. ಬುಲಿಮಿಯಾ ಮತ್ತು ಬಿಂಜ್ ಈಟಿಂಗ್‌ಗೂ ಇದೇ ಕ್ರಮ, ಇದು ಅನೇಕರಿಗೆ ಆಶ್ಚರ್ಯ ತರುತ್ತದೆ. ಮುಂಜಾನೆ ಒಗ್ಗರಣೆ ಮಂಡಕ್ಕಿ ಬಿಟ್ಟು, ಮಧ್ಯಾಹ್ನ ಮಜ್ಜಿಗೆಯಲ್ಲಿ ಕಳೆದವರಿಗೆ ಸಂಜೆ ಹತೋಟಿ ತಪ್ಪುವುದು ಹಸಿವಿನಿಂದ. ನಾಷ್ಟಾ ಸರಿಯಾದರೆ ಸಂಜೆಯ ಅರ್ಧ ತೊಂದರೆ ಇಳಿಯುತ್ತದೆ. ಶ್ರಾವಣದ ಸೋಮವಾರ, ಏಕಾದಶಿ, ರಂಜಾನಿನ ಉಪವಾಸಗಳ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಎಲ್ಲ ಸಂಪ್ರದಾಯಗಳಲ್ಲೂ ಇದೆ. ಅದನ್ನು ಡಾಕ್ಟರಿಗಿಂತ ಮನೆಯ ಅಜ್ಜಿಯೋ ಮಠದ ಸ್ವಾಮಿಗಳೋ ಮೌಲಾನಾರೋ ಹೇಳಿದರೆ ಬೇಗ ಒಪ್ಪುತ್ತಾರೆ.

ಜಿಲ್ಲೆಯ ದೊಡ್ಡ ಆಸ್ಪತ್ರೆಗಳು

ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರೂ ಚಿಕಿತ್ಸೆಯ ಬೆನ್ನೆಲುಬು. ಮನೋವೈದ್ಯರು, ಫಿಸಿಷಿಯನ್, ಮಕ್ಕಳ ವೈದ್ಯರು, ಲ್ಯಾಬು, ಇಸಿಜಿ ಒಂದೇ ಆವರಣದಲ್ಲಿ ಸಿಗುವುದು ದೊಡ್ಡ ಅನುಕೂಲ. ಈಟಿಂಗ್ ಡಿಸಾರ್ಡರ್‌ಗೆ ಮನೋವೈದ್ಯರೊಬ್ಬರೇ ಸಾಲುವುದಿಲ್ಲ, ಹೃದಯದ ಬಡಿತವನ್ನೂ ರಕ್ತದ ಲವಣಗಳನ್ನೂ ನೋಡುವವರು ಬೇಕು. ಹೋದಾಗ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಸಕ್ಕರೆ, ಸಿಬಿಸಿ, ಇಸಿಜಿ ಸಾಮಾನ್ಯವಾಗಿ ಮಾಡಿಸುತ್ತಾರೆ. ಫಾಸ್ಫರಸ್ ಮತ್ತು ಮೆಗ್ನೀಸಿಯಂ ಮಾಮೂಲಿ ಪಟ್ಟಿಯಲ್ಲಿ ಇಲ್ಲದಿರಬಹುದು. ಬಹಳ ದಿನ ಉಣ್ಣದೆ ಇದ್ದವರಿಗೆ ಅವೇ ಮುಖ್ಯವಾದವು, ಕೇಳಿ ಬರೆಸಿಕೊಳ್ಳಿ.

ಕೊರತೆ ಇರುವುದು ಆಹಾರದ ಹಾಳೆಯಲ್ಲಿ. ಜಿಲ್ಲಾ ಮಟ್ಟದಲ್ಲಿ ಕೈಗೆ ಸಿಗುವ ಅಚ್ಚುಹಾಕಿದ ಡಯಟ್ ಚಾರ್ಟ್ ಸಾಮಾನ್ಯವಾಗಿ ಶುಗರ್, ಬಿಪಿ ಇದ್ದವರಿಗೆ ಮಾಡಿದ್ದು. ಎಣ್ಣೆ ಕಡಿಮೆ, ಸಿಹಿ ಬೇಡ, ಅನ್ನ ಇಳಿಸಿ, ಸೊಪ್ಪು ಹೆಚ್ಚಿಸಿ ಎಂದು ಅದರಲ್ಲಿರುತ್ತದೆ. ಅನೊರೆಕ್ಸಿಯಾ ಇದ್ದವರ ಕೈಗೆ ಆ ಹಾಳೆ ಹೋದರೆ ಕಾಯಿಲೆಗೇ ಡಾಕ್ಟರ ಸಹಿ ಸಿಕ್ಕಂತೆ, ಮುಂದೆ ಎರಡು ತಿಂಗಳು ಅದನ್ನು ತೋರಿಸಿಯೇ ಊಟ ಬಿಡುತ್ತಾರೆ. ಅಂಥ ಹಾಳೆ ಕೊಟ್ಟರೆ ಮರ್ಯಾದೆಯಿಂದಲೇ ವಾಪಸು ಕೊಟ್ಟು, ತೂಕ ಏರಿಸುವ ಊಟ ಬರೆದುಕೊಡಿ ಎಂದು ಕೇಳಿ.

ಬಹಳ ಜನರಿಗೆ ಹೊಳೆಯದ ಒಂದು ಸಂಗತಿ ಇದೆ. ಹಸಿದ ದೇಹಕ್ಕೆ ಮತ್ತೆ ಊಟ ಹೊಂದಿಸುವ ವಿದ್ಯೆ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲಿನಿಂದ ಇದೆ. ತೀವ್ರ ಅಪೌಷ್ಟಿಕತೆಯ ಐದು ವರ್ಷದೊಳಗಿನ ಮಕ್ಕಳಿಗಾಗಿ ನಡೆಯುವ ಪೌಷ್ಟಿಕ ಪುನಶ್ಚೇತನ ಕೇಂದ್ರ, ಎನ್‌ಆರ್‌ಸಿ ಎಂದು ಎಲ್ಲರೂ ಕರೆಯುವ ಜಾಗ, ಇದೇ ತತ್ವದ ಮೇಲೆ ನಿಂತಿದೆ. 100 ಮಿಲಿಗೆ 75 ಕ್ಯಾಲೊರಿಯ ಎಫ್-75 ಹಾಲಿನಿಂದ ಸ್ವಲ್ಪಸ್ವಲ್ಪವೇ, ಎರಡು ಮೂರು ತಾಸಿಗೊಮ್ಮೆ ಶುರುಮಾಡಿ, ಮಗು ಸ್ಥಿರವಾದ ಮೇಲೆ 100 ಕ್ಯಾಲೊರಿಯ ಎಫ್-100ಕ್ಕೆ ಏರಿಸುತ್ತಾರೆ. ಹದಿನೇಳರ ಹುಡುಗಿಗೆ ಆ ಹಾಲೇ ಬೇಕೆಂದಿಲ್ಲ. ಆದರೆ ನಿಧಾನವಾಗಿ ಏರಿಸುವ, ಲವಣ ನೋಡುತ್ತಾ ಉಣಿಸುವ, ತಾಯಿಗೆ ಉಣಿಸಲು ಕಲಿಸುವ ಕೈಗಳು ಅಲ್ಲಿವೆ. ಮನೋವಿಭಾಗ ಮತ್ತು ಎನ್‌ಆರ್‌ಸಿಯ ಆಹಾರ ತಜ್ಞರು ವಾರಕ್ಕೆ ಒಂದು ತಾಸು ಒಟ್ಟಿಗೆ ಕೂತರೂ ಈ ಭಾಗದಲ್ಲಿ ಡೇ ಕೇರ್‌ನ ಬೀಜ ಬಿತ್ತಿದಂತೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕೇಳಿಕೊಂಡರೆ ಡಾಕ್ಟರು ಚೀಟಿ ಬರೆದು ಕಳಿಸಬಹುದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಮನೋಚೈತನ್ಯ, ಟೆಲಿ ಮನಸ್

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಬಳ್ಳಾರಿಯಲ್ಲಿ. 1985ರಿಂದ ನಿಮ್ಹಾನ್ಸ್ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಬಳ್ಳಾರಿ ಮಾದರಿ ಎಂದು ಹೆಸರಾಗಿ, 1996ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಆಗ ಕಣ್ಣೆದುರು ಇದ್ದದ್ದು ಸ್ಕಿಜೋಫ್ರೇನಿಯಾ, ಮೂರ್ಛೆರೋಗದಂಥ ಕಾಯಿಲೆಗಳು, ಅದು ಸಹಜ. ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು, ನರ್ಸುಗಳು ಇದ್ದಾರೆ; ಆಹಾರ ತಜ್ಞರ ಹುದ್ದೆ ಇಲ್ಲ. ಸಾಮಾಜಿಕ ಕಾರ್ಯಕರ್ತರನ್ನು ಕುಟುಂಬಗಳು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಶಾಲೆ, ಕಾಲೇಜಿನ ಜೊತೆ ಮಾತಾಡುವುದು, ಗಂಡನ ಮನೆಯವರಿಗೆ ತಿಳಿಹೇಳುವುದು, ಊಟದ ಹೊತ್ತಿನ ಜಗಳ ತಗ್ಗಿಸುವುದು ಅವರಿಗೆ ಬರುವ ಕೆಲಸ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಅಡಿ ನಿಗದಿಯಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಸಿಂಧನೂರು, ಗಂಗಾವತಿ, ಕುಷ್ಟಗಿ, ಸಿರುಗುಪ್ಪದಂಥ ಕಡೆಯವರಿಗೆ ಇದು ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡನ್ನೂ ಉಳಿಸುತ್ತದೆ. ಒಬ್ಬೊಬ್ಬರಿಗೆ ಸಿಗುವ ನಿಮಿಷಗಳು ಕಡಿಮೆ, ಮಾತಿನ ಚಿಕಿತ್ಸೆಯನ್ನು ಅಲ್ಲಿ ನಿರೀಕ್ಷಿಸಬಾರದು. ತೂಕ, ನಾಡಿ, ಬಿಪಿ ಬರೆಸಲು ಮಾತ್ರ ಹೇಳಿ ಮಾಡಿಸಿದ ವ್ಯವಸ್ಥೆ. ಹೋದಾಗಲೆಲ್ಲ ಒಂದೇ ಯಂತ್ರದಲ್ಲಿ ತೂಗಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿದರೆ ಯಾವ ಊರಿನ ತಜ್ಞರಿಗಾದರೂ ಅದೊಂದೇ ಪುಸ್ತಕ ಸಾಕು.

ಟೆಲಿ ಮನಸ್ 14416 ಸಂಖ್ಯೆ 2022ರ ಅಕ್ಟೋಬರ್ 10ರಿಂದ ಇದೆ. ಹಗಲುರಾತ್ರಿ, ಉಚಿತ, ಕನ್ನಡದಲ್ಲಿ. ರಾತ್ರಿ ಊಟದ ನಂತರದ ತಳಮಳಕ್ಕೆ, ಸಾಯುವ ಮಾತು ಬಂದಾಗ, ಮುಂದೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ತಿಳಿಯಲು ಚೆನ್ನಾಗಿದೆ. ಫೋನಿನಲ್ಲಿ ನಾಡಿ ಸಿಗುವುದಿಲ್ಲ, ತೂಕ ಸಿಗುವುದಿಲ್ಲ. ಅದೊಂದನ್ನೇ ನಂಬಿ ಕೂರಬಾರದು. ರಾಜ್ಯ ಸರ್ಕಾರದ ಮಾನಸಧಾರೆ ಹಗಲು ಆರೈಕೆ ಕೇಂದ್ರಗಳ ಹೆಸರು ಕೇಳಿ ಕೆಲವರು ಅಲ್ಲಿಗೆ ಹೋಗಲು ಯೋಚಿಸುತ್ತಾರೆ. ಅವು ದೀರ್ಘಕಾಲದ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಕೆಲಸ, ಕೌಶಲ ಕಲಿಸಲು ಇರುವ ಕೇಂದ್ರಗಳು. ಈ ಕಾಯಿಲೆಗೆ ಹೊಂದುವುದಿಲ್ಲ.

ತೂಕ ಇಳಿಸುವ ಕ್ಲಿನಿಕ್ಕು, ಜಿಮ್ಮಿನ ಡಯಟ್ ಕೋಚು, ವಾಟ್ಸಾಪ್ ಚಾಲೆಂಜು ನಡೆಸುವವರ ಹತ್ತಿರ ಬಿಂಜ್ ಈಟಿಂಗ್ ಇದ್ದವರನ್ನು ಕಳಿಸಲೇಬೇಡಿ. ಕಟ್ಟುನಿಟ್ಟಿನ ಪಥ್ಯ ಆ ಕಾಯಿಲೆಯ ಇಂಧನ.

ಡೇ ಕೇರ್ ಯಾರಿಗೆ ಸಲ್ಲದು

ಎಚ್ಚರವಿದ್ದಾಗ ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗೆ, ಎದ್ದು ನಿಂತರೆ ಬಿಪಿಯ ಮೇಲಿನ ಸಂಖ್ಯೆ 20ಕ್ಕಿಂತ ಹೆಚ್ಚು ಇಳಿದು ತಲೆ ಸುತ್ತುವುದು, ಕುಕ್ಕರಗಾಲಲ್ಲಿ ಕೂತವರು ಕೈ ಊರದೆ ಏಳಲಾಗದಿರುವುದು, ಪೊಟ್ಯಾಸಿಯಂ 3ಕ್ಕಿಂತ ಕೆಳಗೆ, ವಾಂತಿಯಲ್ಲಿ ರಕ್ತ, ಫಿಟ್ಸ್, ಗೊಂದಲದ ಮಾತು, ಸಾಯುವ ಯೋಚನೆ: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಎಮರ್ಜೆನ್ಸಿ. ಹದಿಹರೆಯದವರಲ್ಲಿ ಹಗಲಿನ ನಾಡಿ 50ಕ್ಕಿಂತ ಕೆಳಗಿದ್ದರೂ ಸೇರಿಸಬೇಕೇ ಎಂದು ಡಾಕ್ಟರು ಅಂದೇ ನಿರ್ಧರಿಸಬೇಕು. ಬಳ್ಳಾರಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ವಾಂತಿ, ಭೇದಿ ಇದ್ದವರ ನೀರು, ಪೊಟ್ಯಾಸಿಯಂ ಬೇಗ ಕುಸಿಯುತ್ತದೆ. ಆ ಎರಡು ತಿಂಗಳು ರಕ್ತ ಪರೀಕ್ಷೆ ಹೆಚ್ಚು ಸಲ ಆಗಬೇಕು.

ಹತ್ತು ದಿನಕ್ಕಿಂತ ಹೆಚ್ಚು ಏನೂ ಉಣ್ಣದಂತೆಯೇ ಕಳೆದವರಿಗೆ, ಕೆಲವೇ ತಿಂಗಳಲ್ಲಿ ಬಹಳ ತೂಕ ಕಳಕೊಂಡವರಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಅಪಾಯ. ಊಟ ಶುರುವಾದ ಮೊದಲ ದಿನಗಳಲ್ಲಿ ರಕ್ತದ ಫಾಸ್ಫರಸ್, ಪೊಟ್ಯಾಸಿಯಂ ಜೀವಕೋಶಗಳೊಳಗೆ ಓಡಿ ಹೃದಯ, ಉಸಿರಾಟ ಕುಸಿಯಬಹುದು. ಇದನ್ನು ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ನಮ್ಮ ಕಡೆ ನಿಶ್ಶಕ್ತಿ ಎಂದ ಕೂಡಲೇ ಊರಿನ ಕ್ಲಿನಿಕ್ಕಿನಲ್ಲಿ ಗ್ಲುಕೋಸ್ ಬಾಟಲಿ ಹಾಕಿಸುವ ರೂಢಿ ಇದೆ. ಇಂಥವರಿಗೆ ಥಯಾಮಿನ್ (ವಿಟಮಿನ್ ಬಿ1) ಕೊಡದೆ, ಲವಣ ನೋಡದೆ ಹಾಕುವ ಆ ಬಾಟಲಿಯೇ ಈ ಕುಸಿತವನ್ನು ಶುರುಮಾಡಬಲ್ಲದು. ಮೊದಲ ವಾರ, ಹತ್ತು ದಿನ ವಾರ್ಡಿನಲ್ಲಿ ದಿನಾ ರಕ್ತ ನೋಡುತ್ತಾ ಊಟ ಏರಿಸಿ, ಆಮೇಲೆ ಡೇ ಕೇರ್. ತಿಂದದ್ದನ್ನು ಹೊರಹಾಕಲೆಂದು ನುಂಗುತ್ತಿದ್ದ ಭೇದಿ ಮಾತ್ರೆ ನಿಲ್ಲಿಸಿದವರಿಗೆ ಎರಡು ಮೂರು ವಾರ ಕಾಲು, ಮುಖ ಊದಬಹುದು. ಅದು ನೀರು, ಕೊಬ್ಬಲ್ಲ ಎಂದು ಮೊದಲೇ ಹೇಳಿಟ್ಟರೆ ಮತ್ತೆ ಮಾತ್ರೆ ಹುಡುಕುವುದಿಲ್ಲ. ವಾಂತಿಯಾದ ಕೂಡಲೇ ಹಲ್ಲು ಉಜ್ಜಿದರೆ ಸವೆತ ಹೆಚ್ಚು. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ತಾಸಿನ ಮೇಲೆ ಉಜ್ಜಲಿ.

ಔಷಧದ ಬಗ್ಗೆ ಇಷ್ಟು ಸಾಕು: ಬುಲಿಮಿಯಾಕ್ಕೆ ಫ್ಲುಆಕ್ಸೆಟಿನ್ ದಿನಕ್ಕೆ 60 ಮಿಗ್ರಾಂವರೆಗೆ ಕೊಡುತ್ತಾರೆ, ಪ್ರಯೋಜನವಿದೆ. ಅನೊರೆಕ್ಸಿಯಾದಲ್ಲಿ ತೂಕ ಏರಿಸುವ ಮಾತ್ರೆ ಇಲ್ಲ. ಬ್ಯೂಪ್ರೊಪಿಯಾನ್ ಎಂಬ ಔಷಧ ಈ ಕಾಯಿಲೆಯವರಲ್ಲಿ ಫಿಟ್ಸ್ ತರಬಹುದು, ಕೊಡಬಾರದು.

ಮನೆಯೇ ಡೇ ಕೇರ್ ಆದಾಗ

ಮಾನಸಿಕ ಕಾಯಿಲೆಗಳಿಗೆಂದೇ ಇರುವ ದೊಡ್ಡ ಸಂಸ್ಥೆಗಳು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್. ಕೊಪ್ಪಳದವರಿಗೆ ರೈಲಿನಲ್ಲಿ ಗದಗ, ಹುಬ್ಬಳ್ಳಿ ದಾಟಿದರೆ ಧಾರವಾಡ; ಬಳ್ಳಾರಿಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರೋಗ ನಿರ್ಣಯಕ್ಕೆ, ವಾರ್ಡಿಗೆ ಸೇರಿಸಲು ಅಲ್ಲಿಗೆ ಹೋಗುವುದು ಸರಿ. ಆದರೆ ವಾರಕ್ಕೆ ಐದು ದಿನದ ಚಿಕಿತ್ಸೆಯನ್ನು ನೂರಾರು ಕಿಲೋಮೀಟರ್ ಆಚೆಯಿಂದ ನಡೆಸಲಾಗದು. ಆದ್ದರಿಂದ ಹದಿಹರೆಯದವರಿಗೆ ಕುಟುಂಬವೇ ಉಣಿಸುವ ಚಿಕಿತ್ಸೆಯನ್ನು ನಾವು ಮುಂದಿಡುತ್ತೇವೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಮೊದಲ ಹಂತದಲ್ಲಿ ಏನು, ಎಷ್ಟು ಉಣ್ಣಬೇಕೆಂದು ತಂದೆತಾಯಿ ನಿರ್ಧರಿಸುತ್ತಾರೆ, ತೂಕ ಏರಿದಂತೆ ಆ ಹೊಣೆ ಮಗಳಿಗೆ ವಾಪಸು ಹೋಗುತ್ತದೆ, ಕಡೆಗೆ ವಯಸ್ಸಿಗೆ ತಕ್ಕ ಬದುಕಿನ ಮಾತು ಬರುತ್ತದೆ. ಆರು ತಿಂಗಳಿಂದ ಒಂದು ವರ್ಷ. ದೊಡ್ಡವರಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ, ಸುಮಾರು 20 ಸಿಟ್ಟಿಂಗ್, ತೂಕ ಬಹಳ ಕಡಿಮೆಯಿದ್ದರೆ 40. ಇದನ್ನು ತರಬೇತಿ ಇದ್ದ ಸೈಕಾಲಜಿಸ್ಟ್ ವಿಡಿಯೋ ಕಾಲಿನಲ್ಲೂ ನಡೆಸಬಹುದು.

ಕೂಡುಕುಟುಂಬ ಇಲ್ಲಿ ದೊಡ್ಡ ಆಸ್ತಿ. ಮುಂಜಾನೆ ತಾಯಿ, ಮಧ್ಯಾಹ್ನ ದೊಡ್ಡವ್ವ, ಸಂಜೆ ಅಪ್ಪ, ಹೀಗೆ ಸರದಿ ಮಾಡಿಕೊಂಡರೆ ಯಾರೂ ಸುಸ್ತಾಗುವುದಿಲ್ಲ. ಎಲ್ಲರೂ ಒಂದೇ ಮಾತು ಆಡಬೇಕು. ಅಜ್ಜಿ ಕನಿಕರದಿಂದ "ಬಿಡ್ರಿ, ಸಾಕಾಗೇತಿ ಅಕಿಗೆ" ಎಂದ ಕ್ಷಣ ಆ ಊಟ ಮುಗಿಯಿತು. ಹೇಳಬೇಕಾದ ಮಾತು ಚಿಕ್ಕದು: "ಈ ತುತ್ತು ಅಷ್ಟ ನೋಡು ಯವ್ವಾ, ನಾ ಇಲ್ಲೇ ಕುಂತೀನಿ." ಸಿಟ್ಟು ಬಂದರೆ ಎದ್ದು ಹೋಗಿ, ಇನ್ನೊಬ್ಬರು ಕೂರಲಿ. ನಾಲ್ಕನೇ ವಾರಕ್ಕೆ ಸುಮಾರು ಎರಡು ಕಿಲೋ ಏರಿದ್ದರೆ ದಾರಿ ಸರಿಯಿದೆ. ಏರದಿದ್ದರೆ ಇದೇ ಕ್ರಮವನ್ನು ಎಳೆಯದೆ ವಾರ್ಡಿನ ಬಗ್ಗೆ ಮಾತಾಡಿ.

ವಿಮೆ ಇದ್ದವರು ಮೊದಲೇ ಕೇಳಿಕೊಳ್ಳಿ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮಿನ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಅನೇಕ ಪಾಲಿಸಿಗಳು 24 ತಾಸು ದಾಖಲಾಗಿರಬೇಕು ಎನ್ನುತ್ತವೆ, ಸಂಜೆ ಮನೆಗೆ ಹೋಗುವ ಚಿಕಿತ್ಸೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಡೇ ಕೇರ್ ಬಿಡುವ ಹಂತದಲ್ಲಿ ಅವಸರ ಬೇಡ. ಐದು ದಿನದಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ, ಪ್ರತಿ ಇಳಿಕೆಯ ನಡುವೆ ತೂಕ ನಿಂತಿದೆಯೇ ಎಂದು ಎರಡು ವಾರವಾದರೂ ನೋಡಿ. ಈ ಹಂತದಲ್ಲಿ ಹೊರಗಿನ ಊಟದ ಅಭ್ಯಾಸ ಆಗಬೇಕು: ಮದುವೆಯ ಪಂಕ್ತಿ, ಹೋಟೆಲಿನ ಮಿರ್ಚಿ ಮಂಡಕ್ಕಿ, ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹ. ಯಾರೂ ಅಳೆಯದ, ತಾನೂ ಅಳೆಯಲಾಗದ ಊಟವನ್ನು ಉಂಡು ಏಳುವುದು ದೊಡ್ಡ ಹೆಜ್ಜೆ. ಹಾಸ್ಟೆಲಿಗೆ ಮರಳುವವರಿದ್ದರೆ ವಾರ್ಡನ್‌ಗೆ ಚೀಟಿ ಕೊಡಿ: ಮೆಸ್ಸಿನಲ್ಲಿ ಜೊತೆಗೆ ಕೂರುವ ಗೆಳತಿಯ ಹೆಸರು, ಊಟ ತಪ್ಪಿದರೆ ಫೋನ್ ಮಾಡಬೇಕಾದ ಮನೆಯ ಸಂಖ್ಯೆ, ತಲೆಸುತ್ತಿ ಬಿದ್ದರೆ ಹೋಗಬೇಕಾದ ಆಸ್ಪತ್ರೆ. ತೂಕ ಸತತ ಎರಡು ವಾರ ಇಳಿದರೆ ಸೆಮಿಸ್ಟರ್ ಮುಗಿಯಲಿ ಎಂದು ಕಾಯದೆ ಮನೆಗೆ ಕರೆಸಿ, ಮತ್ತೆ ಐದು ದಿನದ ಕ್ರಮಕ್ಕೆ ಹಚ್ಚಿ.